ಹಿಪ್ಪೊಪೊಟಮಸ್: ನದಿಯ ಕುದುರೆಯೋ, ಕುದುರೆಯ ನದಿಯೋ? ಸಮಾಸ ಬಿಡಿಸುವುದು ಹೇಗೆ?

ಜಯನಗರ_ಫಲಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ 2ರಿಂದ 8ರವರೆಗಿನ ವನ್ಯಜೀವಿ ಸಪ್ತಾಹಕ್ಕೆ ಎಂಟು, ಒಂಬತ್ತನೇ ತರಗತಿಯ ಮಕ್ಕಳಿಗಾಗಿ ಗೋಡೆ ಫಲಕಗಳು ತಯಾರಾಗುತ್ತಿವೆ. ಅದೇ ವಾರ ಮಕ್ಕಳು ಬನ್ನೇರುಘಟ್ಟಕ್ಕೆ ಹೋಗಿ ನೀರಾನೆಗಳನ್ನು ನೋಡಿ ಬರುತ್ತಾರೆ. ಪ್ರಾಣಿಯ ಹೆಸರು ಹೇಗೆ ಹುಟ್ಟಿತು ಎಂಬುದನ್ನು ಅವರು ಈಗಾಗಲೇ ಓದುತ್ತಿರುವ ಸಮಾಸದ ಪಾಠಕ್ಕೆ ಜೋಡಿಸಿದರೆ ಎರಡೂ ನೆನಪಿನಲ್ಲಿ ಉಳಿಯುತ್ತವೆ ಎಂಬುದು ಯೋಚನೆ.

ತೊಡಕು ಬಂದದ್ದು ಮೊದಲ ಫಲಕದಲ್ಲೇ. ಗ್ರೀಕಿನಲ್ಲಿ ಹಿಪ್ಪೊಸ್ ಎಂದರೆ ಕುದುರೆ, ಪೊತಮೊಸ್ ಎಂದರೆ ನದಿ. ಎಲ್ಲ ಕಡೆಯೂ "ನದಿಯ ಕುದುರೆ" ಎಂದು ಅರ್ಥ ಕೊಟ್ಟಿದ್ದಾರೆ. ಆದರೆ ನಮ್ಮ ತತ್ಪುರುಷದ ಹಾಗೆ ಉತ್ತರಪದವೇ, ಅಂದರೆ ಎರಡನೆಯ ಪದವೇ, ಪ್ರಧಾನ ಎಂದು ಹಿಡಿದು ಬಿಡಿಸಿದರೆ "ಕುದುರೆಯ ನದಿ" ಎಂದಾಗುತ್ತದೆ. ನೀರುನಾಯಿ ಎಂದರೆ ನಾಯಿಯಂಥ ಪ್ರಾಣಿ, ನೀರುಕಾಗೆ ಎಂದರೆ ಒಂದು ಹಕ್ಕಿ. ಯಾವುದೂ ನೀರಲ್ಲ. ಹಾಗಿರುವಾಗ ಹಿಪ್ಪೊಪೊಟಮಸ್ ಮಾತ್ರ ನದಿ ಆಗದೆ ಕುದುರೆ ಹೇಗಾಯಿತು? ಗ್ರೀಕಿನಲ್ಲಿ ಪದಗಳ ಕ್ರಮ ನಮ್ಮದಕ್ಕೆ ತಿರುಗುಮುರುಗೋ? ಇದಕ್ಕೆ ಯಾವ ಸಮಾಸ ಎಂದು ಬರೆಯಬೇಕು?

ಇದೇ ರೀತಿ ಬಿಡಿಸಿ ತೋರಿಸಬಹುದಾದ ಬೇರೆ ಪ್ರಾಣಿಗಳ ಹೆಸರು ತಿಳಿಸಿದರೆ ಉಪಕಾರ. ಗ್ರೀಕ್ ಪದಗಳನ್ನು ಕನ್ನಡ ಲಿಪಿಯಲ್ಲಿ ಹೇಗೆ ಬರೆದರೆ ಸರಿ ಎಂಬುದೂ ಬೇಕಾಗಿದೆ.

ಪದಮೂಲ

ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. "ಹಿಪ್ಪೊಸ್ + ಪೊತಮೊಸ್ = ನದಿಯ ಕುದುರೆ" ಎಂದು ಒಂದು ಸಾಲು ಬರೆದು ಮುಂದೆ ಹೋಗುವ ಪುಸ್ತಕಗಳು ಈ ತೊಡಕನ್ನು ಮುಚ್ಚಿಬಿಡುತ್ತವೆ.

ಗ್ರೀಕಿನ ಕ್ರಮ ತಿರುಗುಮುರುಗಲ್ಲ. ಅಲ್ಲೂ ಮುಖ್ಯ ಪದ ಕೊನೆಗೇ ಬರುವುದು. ಅಕ್ರೊಪೊಲಿಸ್ ಎಂದರೆ ಎತ್ತರದ ಊರು: ಅಕ್ರೊ ಎಂದರೆ ಎತ್ತರದ ತುದಿ, ಪೊಲಿಸ್ ಎಂದರೆ ಊರು. ನಮ್ಮ ರೇಸ್‌ಕೋರ್ಸ್‌ಗೆ ಗ್ರೀಕರು ಹೇಳುತ್ತಿದ್ದುದು ಹಿಪ್ಪೊದ್ರೊಮೊಸ್, ಕುದುರೆಗಳ ಓಟದ ಜಾಗ. ಅದು ಜಾಗದ ಹೆಸರು, ಕುದುರೆಯದಲ್ಲ. ಇದೇ ಲೆಕ್ಕದಲ್ಲಿ ಹಿಪ್ಪೊಪೊತಮೊಸ್ ಎಂದರೆ ಕುದುರೆಗಳ ನದಿ ಎಂದೇ ಆಗಬೇಕಿತ್ತು. ಆಗಲಿಲ್ಲವೆಂದರೆ, ಆ ಪದ ಹುಟ್ಟಿದ್ದೇ ಮಾಮೂಲಿ ಸಮಾಸವಾಗಿ ಅಲ್ಲ.

ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಈಜಿಪ್ಟನ್ನು ಬಣ್ಣಿಸುವ ತನ್ನ 2ನೇ ಪುಸ್ತಕದ 71ನೇ ಅಧ್ಯಾಯದಲ್ಲಿ ಈ ಪ್ರಾಣಿಯ ಪ್ರಸ್ತಾಪ ಮಾಡುತ್ತಾನೆ. ಅಲ್ಲಿ ಹಿಪ್ಪೊಪೊತಮೊಸ್ ಎಂಬ ಒಂದು ಪದವೇ ಇಲ್ಲ. "ಹೊಯ್ ಹಿಪ್ಪೊಯ್ ಹೊಯ್ ಪೊತಮಿಯೊಯ್" ಎಂದಿದೆ. "ಹೊಯ್" ಎಂಬುದು ಗ್ರೀಕಿನ ನಿರ್ದೇಶಕ, ಇಂಗ್ಲಿಷಿನ "ದಿ" ಇದ್ದ ಹಾಗೆ, ಬಹುವಚನದ್ದು. ಅದು ಎರಡು ಸಲ ಬಂದಿದೆ: ಆ ಕುದುರೆಗಳು, ಆ ನದಿಯವು. ಪೊತಮಿಯೊಸ್ ಎಂಬುದು ನದಿ ಎಂಬ ನಾಮಪದವಲ್ಲ, ಪೊತಮೊಸ್‌ಗೆ ಇಯೊಸ್ ಪ್ರತ್ಯಯ ಹತ್ತಿ ಆದ ವಿಶೇಷಣ, "ನದಿಗೆ ಸೇರಿದ" ಎಂದು ಅರ್ಥ. ಸಂಸ್ಕೃತದಲ್ಲಿ ಗ್ರಾಮದಿಂದ ಗ್ರಾಮ್ಯ ಆಗುವಂಥ ತದ್ಧಿತ ಅದು. ಎಂದಮೇಲೆ ಇದು ಎರಡು ಬಿಡಿ ಪದಗಳ ಪದಪುಂಜ: ಮುಂದೆ ವಿಶೇಷ್ಯ, ಹಿಂದೆ ವಿಶೇಷಣ. ಗ್ರೀಕಿನಲ್ಲಿ ಈ ಕ್ರಮ ತೀರ ಸಹಜ. ಕ್ರಿ.ಪೂ. 4ನೇ ಶತಮಾನದ ಅರಿಸ್ಟಾಟಲ್ ಕೂಡ ತನ್ನ ಪ್ರಾಣಿಗಳ ಗ್ರಂಥದಲ್ಲಿ "ಹಿಪ್ಪೊಸ್ ಹೊ ಪೊತಮಿಯೊಸ್" ಎಂದೇ ಬರೆಯುವುದು.

ಪಕ್ಕಪಕ್ಕದಲ್ಲೇ ಬಳಕೆಯಾಗುತ್ತಿದ್ದ ಈ ಎರಡು ಪದಗಳು ಆಮೇಲಿನ ಕಾಲದಲ್ಲಿ ಒಂದಕ್ಕೊಂದು ಬೆಸೆದುಕೊಂಡವು. ಬೆಸೆದಾಗ ವಿಶೇಷಣದ ಇಯೊಸ್ ಸವೆದು ಪೊತಮೊಸ್ ಎಂದಷ್ಟೇ ಉಳಿಯಿತು, ಹಳೆಯ ಕ್ರಮ ಮಾತ್ರ ಹಾಗೇ ನಿಂತಿತು. ಅದಕ್ಕೇ ನೋಡಲು ಸಮಾಸ, ಕ್ರಮದಲ್ಲಿ ಪದಪುಂಜ.

ಒಂದು ಗ್ರೀಕ್ ಪದ ಬಿಡಿಯಾಗಿದೆಯೋ ಸಮಾಸವಾಗಿದೆಯೋ ಎಂದು ತಿಳಿಯಲು ವಿಭಕ್ತಿ ಎಲ್ಲಿ ಹತ್ತಿದೆ ಎಂದು ನೋಡಿ. ಹೆರೊಡೊಟಸ್‌ನಲ್ಲಿ ಹಿಪ್ಪೊಯ್, ಪೊತಮಿಯೊಯ್ ಎಂದು ಎರಡೂ ಪದಗಳಿಗೆ ಬಹುವಚನ ಹತ್ತಿದೆ. ಅದು ಪದಪುಂಜ. ಹಿಪ್ಪೊಪೊತಮೊಯ್ ಎಂದು ಕೊನೆಗೆ ಮಾತ್ರ ಹತ್ತಿದ್ದರೆ ಅದು ಸಮಾಸ. ನಮ್ಮಲ್ಲೂ ಹೀಗೇ ಅಲ್ಲವೇ: "ನೀರಾನೆಗಳು" ಎನ್ನುತ್ತೇವೆ, "ನೀರುಗಳಾನೆಗಳು" ಎನ್ನುವುದಿಲ್ಲ.

ಕನ್ನಡಮೇಷ್ಟ್ರು

ಒಳ್ಳೆಯ ವಿವರಣೆ ಸರ್. ಸಮಾಸದ ಹೆಸರಿನ ವಿಷಯಕ್ಕೆ ನನ್ನದೊಂದು ಸೂಚನೆ. ಪೂರ್ವಪದದ ಅರ್ಥ ಪ್ರಧಾನವಾಗುವ ಸಮಾಸ ನಮ್ಮಲ್ಲೇ ಇದೆ, ಅಂಶಿ ಸಮಾಸ. ಕೈಯ ಮುಂದು ಮುಂಗೈ, ಮೂಗಿನ ತುದಿ ತುದಿಮೂಗು, ರಾತ್ರಿಯ ನಡು ನಡುರಾತ್ರಿ. ಹಿಪ್ಪೊಪೊಟಮಸ್‌ನಲ್ಲೂ ಪೂರ್ವಪದವಾದ ಕುದುರೆಯೇ ಪ್ರಧಾನ. ಮಕ್ಕಳಿಗೆ ಗೊತ್ತಿರುವ ಹೆಸರು. ಅಂಶಿ ಎಂದೇ ಬರೆಯಬಹುದಲ್ಲ?

ಶಬ್ದಮಣಿ

ಮೇಷ್ಟ್ರೇ, ಅಂಶಿ ಎಂದು ಬರೆದರೆ ಮಕ್ಕಳಿಗೆ ಅಂಶಿ ಸಮಾಸವೇ ತಪ್ಪಾಗಿ ಕೂರುತ್ತದೆ. ಪೂರ್ವಪದ ಪ್ರಧಾನ ಎಂಬ ಒಂದೇ ಲಕ್ಷಣದಿಂದ ಅಂಶಿ ಆಗುವುದಿಲ್ಲ, ಎರಡು ಪದಗಳ ನಡುವೆ ಅಂಶ–ಅಂಶಿ ಸಂಬಂಧ ಇರಬೇಕು. ಮುಂದು ಎಂಬುದು ಕೈಯ ಒಂದು ಭಾಗ, ತುದಿ ಮೂಗಿನ ಒಂದು ಭಾಗ. ಕುದುರೆ ನದಿಯ ಭಾಗವಲ್ಲ, ನದಿಯಲ್ಲಿ ಇರುವಂಥದ್ದು.

ಸರಿಯಾದ ಹೆಸರು ಸಂಸ್ಕೃತ ವ್ಯಾಕರಣದಲ್ಲಿ ಸಿಗುತ್ತದೆ, ಅದೂ ಎರಡು ಬಗೆಯಲ್ಲಿ. ಯಾವುದನ್ನು ಆರಿಸುವುದು ಎಂಬುದು ಉತ್ತರಪದವನ್ನು ನೀವು ಏನೆಂದು ಹಿಡಿಯುತ್ತೀರಿ ಎಂಬುದರ ಮೇಲೆ ನಿಂತಿದೆ.

ಉತ್ತರಪದ ಮೂಲದಲ್ಲಿ ಪೊತಮಿಯೊಸ್ ಎಂಬ ವಿಶೇಷಣ ಎಂದು ಹಿಡಿದರೆ ಇದು ವಿಶೇಷಣೋತ್ತರಪದ ಕರ್ಮಧಾರಯ. ಕರ್ಮಧಾರಯದಲ್ಲಿ ಸಾಮಾನ್ಯವಾಗಿ ವಿಶೇಷಣ ಮುಂದೆ ಬರುತ್ತದೆ: ಹೆಮ್ಮರ, ಕೆಂದಾವರೆ, ನೀಲೋತ್ಪಲ. ಅದು ಹಿಂದೆ ಬರುವ ಚಿಕ್ಕ ವರ್ಗವೂ ಒಂದಿದೆ. ವೈಯಾಕರಣಖಸೂಚಿ ಎಂಬುದು ಹಳೆಯ ಉದಾಹರಣೆ: ಪ್ರಶ್ನೆ ಕೇಳಿದರೆ ಉತ್ತರ ತೋಚದೆ ಆಕಾಶದ ಕಡೆ ಕೈ ತೋರಿಸುವ ವೈಯಾಕರಣ. ಮುಖ್ಯ ಪದ ವೈಯಾಕರಣ ಮುಂದೆ ಇದೆ, ಅವನನ್ನು ಬಣ್ಣಿಸುವ ಪದ ಹಿಂದೆ.

ಉತ್ತರಪದ ಪೊತಮೊಸ್ ಎಂಬ ನಾಮಪದವೇ ಎಂದು ಹಿಡಿದರೆ ಇದು ಕ್ರಮ ಪಲ್ಲಟವಾದ ತತ್ಪುರುಷ. ಇದಕ್ಕೆ ಪಾಣಿನಿ ಒಂದು ಸೂತ್ರವನ್ನೇ ಇಟ್ಟಿದ್ದಾನೆ: "ರಾಜದಂತಾದಿಷು ಪರಮ್", ಅಷ್ಟಾಧ್ಯಾಯಿಯ 2.2.31. ಅದರ ಹಿಂದಿನ ಸೂತ್ರ 2.2.30 ಹೇಳುವುದು ಉಪಸರ್ಜನ, ಅಂದರೆ ಅಪ್ರಧಾನ ಪದ, ಮುಂದೆ ಬರಬೇಕೆಂದು. 31ನೆಯದು ಹೇಳುವುದು, ರಾಜದಂತ ಮೊದಲಾದ ಪಟ್ಟಿಯಲ್ಲಿರುವ ಪದಗಳಲ್ಲಿ ಅದು ಹಿಂದೆ ಬರುತ್ತದೆ ಎಂದು. ರಾಜದಂತ ಎಂದರೆ ರಾಜನ ಹಲ್ಲಲ್ಲ. "ದಂತಾನಾಂ ರಾಜಾ", ಹಲ್ಲುಗಳಲ್ಲಿ ರಾಜ, ಎದುರಿನ ದೊಡ್ಡ ಹಲ್ಲು. ನಿಯಮದಂತೆ ದಂತರಾಜ ಎಂದಿರಬೇಕಿತ್ತು. ಜನ ಹೇಳುತ್ತಿದ್ದುದು ರಾಜದಂತ ಎಂದು, ಆದ್ದರಿಂದ ವ್ಯಾಕರಣ ಅದನ್ನು ತಿದ್ದದೆ ಪಟ್ಟಿಗೆ ಸೇರಿಸಿಕೊಂಡಿತು. ನನಗೆ ಈ ಸೂತ್ರ ಬಹಳ ಇಷ್ಟ.

ಫಲಕಕ್ಕೆ ನನ್ನ ಸಲಹೆ: "ರಾಜದಂತದ ಹಾಗೆ ಪದಕ್ರಮ ಪಲ್ಲಟವಾದ ಸಮಾಸ". ವಿಶೇಷಣೋತ್ತರಪದ ಕರ್ಮಧಾರಯ ಎಂಬುದು ಪದದ ಇತಿಹಾಸಕ್ಕೆ ಹೆಚ್ಚು ಹತ್ತಿರದ ಹೆಸರು, ಆದರೆ ಎಂಟನೇ ತರಗತಿಗೆ ಭಾರ. ಅದನ್ನು ಶಿಕ್ಷಕರ ಟಿಪ್ಪಣಿಯಲ್ಲಿ ಇಡಿ.

ಪದಮೂಲ

ರಾಜದಂತದ ಹೋಲಿಕೆ ತುಂಬ ಸೊಗಸಾಗಿ ಹೊಂದುತ್ತದೆ. ಒಂದು ವ್ಯತ್ಯಾಸ ಮಾತ್ರ ನೆನಪಿರಲಿ: ರಾಜದಂತ ಹಾಗೆ ಏಕಾಯಿತು ಎಂದು ಸೂತ್ರ ಹೇಳುವುದಿಲ್ಲ, ಆಗಿದೆ ಎಂದಷ್ಟೇ ಹೇಳುತ್ತದೆ. ಹಿಪ್ಪೊಪೊತಮೊಸ್ ಏಕೆ ಹಾಗಾಯಿತು ಎಂಬುದಕ್ಕೆ ಹೆರೊಡೊಟಸ್‌ನ ಎರಡು ಪದಗಳು ನಮ್ಮ ಕಣ್ಣೆದುರಿಗೇ ಇವೆ.

ಬೇರೆ ಪ್ರಾಣಿಗಳನ್ನು ಕೇಳಿದ್ದಿರಿ. ಒಂದೊಂದೂ ಒಂದೊಂದು ಸಮಾಸಕ್ಕೆ ಒದಗುವ ಹಾಗೆ ಆರಿಸಿದ್ದೇನೆ. ಮಕ್ಕಳು ಎಲ್ಲಿ ಎಡವುತ್ತಾರೆ ಎಂಬುದನ್ನೂ ಸೇರಿಸಿದ್ದೇನೆ.

ಖಡ್ಗಮೃಗದ ಹೆಸರಿನಿಂದ ಪಾಠ ಶುರು ಮಾಡುವುದು ಸುಲಭ. ರೀನೊಕೆರೋಸ್: ಮೂಗು + ಕೊಂಬು. ತತ್ಪುರುಷ ಎಂದು ಬಿಡಿಸಿದರೆ "ಮೂಗಿನ ಕೊಂಬು" ಎಂದಾಗಿ ಅದು ಕೊಂಬಿನ ಹೆಸರಾಗುತ್ತದೆ. ಇದು ಪ್ರಾಣಿಯ ಹೆಸರು. ಮೂಗಿನ ಮೇಲೆ ಕೊಂಬು ಯಾವುದಕ್ಕೆ ಇದೆಯೋ ಅದು, ಮುಕ್ಕಣ್ಣನ ಹಾಗೆ ಬಹುವ್ರೀಹಿ. ಮೂಗು ಎಂಬುದರ ಪ್ರಥಮಾ ವಿಭಕ್ತಿಯ ರೂಪ ರೀಸ್, ಷಷ್ಠಿಯ ರೂಪ ರೀನೊಸ್. ಸಮಾಸಕ್ಕೆ ಬರುವುದು ಷಷ್ಠಿಯಲ್ಲಿ ಕಾಣುವ ಪ್ರಕೃತಿ, ಅಂದರೆ ಪ್ರತ್ಯಯ ಹತ್ತುವ ಮೂಲರೂಪ: ರೀನೊಸ್‌ನ ಒಸ್ ತೆಗೆದರೆ ರೀನ್ ಉಳಿಯುತ್ತದೆ, ಅದಕ್ಕೆ ಜೋಡಿಸುವ ಸ್ವರ ಒ ಹತ್ತಿ ರೀನೊ ಆಗುತ್ತದೆ. ನಿಘಂಟಿನಲ್ಲಿ ಪ್ರಥಮೆಯ ರೂಪವನ್ನು ಮಾತ್ರ ನೋಡಿದವರಿಗೆ ಆ ನಕಾರ ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ. ಹಾಗಾಗಿ ಯಾವ ಗ್ರೀಕ್ ನಾಮಪದವೇ ಆಗಲಿ, ಷಷ್ಠಿಯನ್ನೂ ಜೊತೆಗೆ ಬರೆದುಕೊಳ್ಳಿ. ಇಎನ್‌ಟಿ ವೈದ್ಯರು ಹೇಳುವ ರೈನೈಟಿಸ್‌ನಲ್ಲಿ ಇರುವುದೂ ಇದೇ ರೀನ್. ಕೊಂಬಿಗೆ ಕೆರಸ್ ಎನ್ನುತ್ತಾರೆ. ಅದು ನಮ್ಮ ಶೃಂಗ, ಶಿರಸ್ ಪದಗಳಿಗೆ ನೆಂಟ.

ಗೋಸುಂಬೆಯ ಹೆಸರು ಖಮಯ್‌ಲೆಯೋನ್: ಖಮಯ್ ಎಂದರೆ ನೆಲದ ಮೇಲೆ, ಲೆಯೋನ್ ಎಂದರೆ ಸಿಂಹ. ಖಮಯ್ ಅವ್ಯಯ, ಆದ್ದರಿಂದ ಚುರುಕಾದ ಮಕ್ಕಳು ಅವ್ಯಯೀಭಾವ ಎಂದು ಕೈ ಎತ್ತುತ್ತಾರೆ. ಅವ್ಯಯೀಭಾವವಾದರೆ ಇಡೀ ಪದ ಅವ್ಯಯದಂತೆ ನಡೆದುಕೊಳ್ಳಬೇಕು, ಯಥಾಶಕ್ತಿ, ಪ್ರತಿದಿನ ಎಂಬ ಹಾಗೆ. ಇಲ್ಲಿ ಹಾಗಿಲ್ಲ. ಉತ್ತರಪದವಾದ ಸಿಂಹವೇ ಪ್ರಧಾನ, "ನೆಲದ ಮೇಲಿನ ಸಿಂಹ", ತತ್ಪುರುಷ. ಅಕ್ಕಾಡಿಯನ್ ಭಾಷೆಯಲ್ಲೂ "ನೆಲದ ಸಿಂಹ" ಎಂಬ ಹೆಸರಿತ್ತು, ಗ್ರೀಕರದು ಅದರ ಅನುವಾದವಿರಬಹುದು ಎನ್ನುವ ವಿದ್ವಾಂಸರಿದ್ದಾರೆ. ಖಮಯ್ ಸಂಸ್ಕೃತದ "ಕ್ಷಮಾ"ಗೆ, ಭೂಮಿ ಎಂಬ ಅರ್ಥದ ಪದಕ್ಕೆ, ಸಂಬಂಧಿ.

ಜಿರಾಫೆಯನ್ನು ಗ್ರೀಕರು ಕಮೇಲೊಪರ್ದಲಿಸ್ ಎಂದರು: ಒಂಟೆ + ಚಿರತೆ. ಎರಡು ಪ್ರಾಣಿಗಳು ಕಂಡ ಕೂಡಲೇ ದ್ವಂದ್ವ ಎನ್ನುವುದು ಇಲ್ಲಿನ ತಪ್ಪು. ದ್ವಂದ್ವವಾದರೆ ಕೆರೆಕಟ್ಟೆಗಳು, ಗಿಡಮರಗಳು ಎಂಬಂತೆ ಎರಡೂ ಬೇರೆಬೇರೆಯಾಗಿ ಇರಬೇಕು. ಇಲ್ಲಿರುವುದು ಒಂದೇ ಪ್ರಾಣಿ. ಒಂಟೆಯಂಥ ತಲೆ, ಕೆಂಪು ಮೈಮೇಲೆ ಬಿಳಿ ಮಚ್ಚೆ, ಅದಕ್ಕೇ ಈ ಹೆಸರು ಎಂದು 1ನೇ ಶತಮಾನದ ರೋಮಿನ ಪ್ಲಿನಿ ಬರೆದಿದ್ದಾನೆ. ರೋಮಿಗೆ ಅದನ್ನು ಮೊದಲು ತರಿಸಿದವನು ಜೂಲಿಯಸ್ ಸೀಸರ್, ಕ್ರಿ.ಪೂ. 46ರಲ್ಲಿ. ಇಂದಿಗೂ ಅದರ ವೈಜ್ಞಾನಿಕ ಹೆಸರು ಜಿರಾಫಾ ಕಮೆಲೊಪಾರ್ಡಾಲಿಸ್. ಮೊದಲ ಅರ್ಧ ಅರಬ್ಬಿಯ ಜರಾಫಾದಿಂದ, ಎರಡನೆಯ ಅರ್ಧ ಗ್ರೀಕಿನಿಂದ.

ಉಷ್ಟ್ರಪಕ್ಷಿಯನ್ನು ಖಂಡಿತ ಬಿಡಬೇಡಿ. ಗ್ರೀಕಿನಲ್ಲಿ ಸ್ತ್ರೂಥೊಕಮೇಲೊಸ್. ಸ್ತ್ರೂಥೊಸ್ ಎಂದರೆ ಗುಬ್ಬಿ, ಕಮೇಲೊಸ್ ಎಂದರೆ ಒಂಟೆ. ಉತ್ತರಪದ ಒಂಟೆಯಾದರೂ ಹೆಸರು ಹಕ್ಕಿಯದು, ಒಂಟೆಯಂಥ ಹಕ್ಕಿ. ಸಂಸ್ಕೃತದ ಪುರುಷವ್ಯಾಘ್ರದಲ್ಲಿ ಹೀಗೇ ಇದೆ: ಹುಲಿಯಂಥ ಪುರುಷ, ಉಪಮಾನ ಹಿಂದೆ ಬಂದಿದೆ. ಪಾಣಿನಿಯ 2.1.56ನೇ ಸೂತ್ರ ಇದಕ್ಕೆಂದೇ ಇರುವುದು. ನಮ್ಮ ಉಷ್ಟ್ರಪಕ್ಷಿಯಲ್ಲಿ ಅದೇ ಒಂಟೆ, ಅದೇ ಹಕ್ಕಿ, ಆದರೆ ಉಪಮಾನ ಮುಂದೆ. ಪಾರಸಿಯ ಶುತುರ್‌ಮುರ್ಗ್ ಕೂಡ ಒಂಟೆ–ಹಕ್ಕಿಯೇ. ಒಂದೇ ಹೋಲಿಕೆ, ಮೂರು ಭಾಷೆ, ಎರಡು ಕ್ರಮ. ಸಮಾಸದಲ್ಲಿ ಕ್ರಮ ಏನು ಮಾಡುತ್ತದೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಫಲಕ ಸಿಗದು. ಹೆರೊಡೊಟಸ್ ಇದೇ ಹಕ್ಕಿಗೆ "ನೆಲದ ಗುಬ್ಬಿ" ಎಂಬರ್ಥದ ಎರಡು ಬಿಡಿ ಪದ ಬಳಸಿದ್ದಾನೆ.

ಆಕ್ಟೋಪಸ್: ಒಕ್ತೋ + ಪೂಸ್, ಎಂಟು ಕಾಲುಳ್ಳದ್ದು, ಬಹುವ್ರೀಹಿ. ಸಂಖ್ಯೆ ಮುಂದೆ ಬಂದಿದೆ ಎಂದು ದ್ವಿಗು ಎನ್ನಬಾರದು. ದ್ವಿಗುವಾದರೆ "ಎಂಟು ಕಾಲುಗಳು" ಎಂದಷ್ಟೇ ಆಗುತ್ತದೆ. ಪೂಸ್‌ನ ಷಷ್ಠಿ ಪೊದೊಸ್, ಆದ್ದರಿಂದ ಗ್ರೀಕ್ ಬಹುವಚನ ಆಕ್ಟೊಪೊಡೀಸ್ ಆಗಬೇಕು. ಆಕ್ಟೊಪೈ ಎಂಬುದು ಲ್ಯಾಟಿನ್ನಿನ ಬೇರೆ ಬಗೆಯ ಪದಗಳ ಬಹುವಚನವನ್ನು ಇದಕ್ಕೆ ಅಂಟಿಸಿದ್ದು.

ಶಬ್ದಮಣಿ

ಬಹುವ್ರೀಹಿಯೋ ತತ್ಪುರುಷವೋ ಎಂಬುದನ್ನು ಗ್ರೀಕರು ಸ್ವರದಿಂದಲೂ, ಅಂದರೆ ಪದದ ಯಾವ ಭಾಗವನ್ನು ಏರಿಸಿ ಹೇಳುತ್ತಾರೆ ಎಂಬುದರಿಂದಲೂ, ತಿಳಿಯುತ್ತಿದ್ದರು, ವೇದದ ಸಂಸ್ಕೃತದಲ್ಲಿ ಇದ್ದ ಹಾಗೆ. ಇಂದ್ರಶತ್ರು ಎಂಬ ಪದದ ಕಥೆ ಗೊತ್ತಿರುವುದೇ: ಸ್ವರ ಕೊನೆಯಲ್ಲಿದ್ದರೆ ಇಂದ್ರನನ್ನು ಕೊಲ್ಲುವವನು, ಮೊದಲ ಪದದ ಮೇಲಿದ್ದರೆ ಇಂದ್ರನೇ ಯಾರ ಶತ್ರುವೋ ಅವನು, ಸಾಯುವವನು. ಗ್ರೀಕಿನಲ್ಲಿ ಮೇತ್ರೊಕ್ತೊನೊಸ್ ಎಂಬುದರಲ್ಲಿ ಸ್ವರ "ಕ್ತೊ" ಮೇಲಿದ್ದರೆ ತಾಯಿಯನ್ನು ಕೊಂದವನು, "ತ್ರೊ" ಮೇಲಿದ್ದರೆ ತಾಯಿಯಿಂದ ಕೊಲ್ಲಲ್ಪಟ್ಟವನು. ಮಕ್ಕಳ ಫಲಕಕ್ಕೆ ಇದು ಬೇಡ, ಶಿಕ್ಷಕರಿಗೆ ಗೊತ್ತಿದ್ದರೆ ಸಾಕು.

ಜೀವಜಾಲ

ಪ್ರಾಣಿಶಾಸ್ತ್ರದ ಕಡೆಯಿಂದ ಎರಡು ಮಾತು, ಏಕೆಂದರೆ ಹೆಸರಿನ ಫಲಕ ನೋಡಿದ ಮಗು ನೀರಾನೆಗೂ ಕುದುರೆಗೂ ನೆಂಟಸ್ತಿಕೆ ಇದೆ ಎಂದುಕೊಳ್ಳುವುದು ಖಂಡಿತ. ಇಲ್ಲ. ಕುದುರೆಯದು ಕಾಲಿಗೆ ಒಂದೇ ಗೊರಸು, ನೀರಾನೆಗೆ ಕಾಲಿಗೆ ನಾಲ್ಕು ಬೆರಳು. ಈಗ ಬದುಕಿರುವ ಪ್ರಾಣಿಗಳಲ್ಲಿ ನೀರಾನೆಗೆ ಅತಿ ಹತ್ತಿರದ ಸಂಬಂಧಿಗಳು ತಿಮಿಂಗಿಲಗಳು. ಆನೆಗೂ ಅದಕ್ಕೂ ಸಂಬಂಧವಿಲ್ಲ. ಇದನ್ನು ಫಲಕದ ಕೆಳಗೆ ಒಂದು ಸಾಲಾಗಿ ಹಾಕಿ.

ಹೆರೊಡೊಟಸ್ ಕೊಟ್ಟ ಲಕ್ಷಣಗಳನ್ನು ಬಳಸುವುದಾದರೆ ಜೋಕೆ. ಎತ್ತಿನಂಥ ಸೀಳು ಗೊರಸು, ಮೊಂಡು ಮೂಗು, ಕುದುರೆಯಂಥ ಕತ್ತಿನ ಕೂದಲು, ಹೊರಗೆ ಕಾಣುವ ಕೋರೆ, ಕುದುರೆಯ ಬಾಲ ಮತ್ತು ದನಿ, ದೊಡ್ಡ ಎತ್ತಿನಷ್ಟು ಗಾತ್ರ, ಒಣಗಿಸಿದರೆ ಈಟಿಯ ಕಾವು ಮಾಡುವಷ್ಟು ದಪ್ಪ ಚರ್ಮ ಎಂದು ಅವನ ವಿವರಣೆ. ಕೋರೆಯೂ ಚರ್ಮದ ದಪ್ಪವೂ ನಿಜ. ಕತ್ತಿನ ಕೂದಲು ತಪ್ಪು, ನೀರಾನೆಯ ಮೈಮೇಲೆ ಕೂದಲು ಇಲ್ಲವೆನ್ನುವಷ್ಟು ಕಡಿಮೆ. ಬಾಲ ಗಿಡ್ಡ, ಕುದುರೆಯದರ ಹಾಗಲ್ಲ. ಅರಿಸ್ಟಾಟಲ್ ಬಾಲವನ್ನು ಹಂದಿಯದಕ್ಕೆ ಹೋಲಿಸಿ ತಿದ್ದಿದ, ಆದರೆ ಗಾತ್ರವನ್ನು ಕತ್ತೆಯಷ್ಟು ಎಂದು ಇಳಿಸಿಬಿಟ್ಟ. ಗಂಡು ನೀರಾನೆ ಒಂದು ಟನ್ನಿಗಿಂತ ಎಷ್ಟೋ ಹೆಚ್ಚು ತೂಗುತ್ತದೆ.

ಕುದುರೆ ಎಂದು ತೋಚಿದ್ದೇಕೆ ಎಂಬುದು ಬನ್ನೇರುಘಟ್ಟದ ಕೊಳದ ಹತ್ತಿರ ಸ್ವಲ್ಪ ಹೊತ್ತು ನಿಂತರೆ ಮಕ್ಕಳಿಗೇ ಹೊಳೆಯಬಹುದು. ಮೈಯೆಲ್ಲ ನೀರೊಳಗೆ, ಮೇಲೆ ಕಾಣುವುದು ಆಗಾಗ ಅಲ್ಲಾಡುವ ಕಿವಿ, ಕಣ್ಣು, ಮೂಗಿನ ಹೊಳ್ಳೆ. ಉಸಿರು ಬಿಟ್ಟಾಗ ಬುಸ್ ಎನ್ನುವ ಸದ್ದು. ಮೂರೂ ಅಂಗಗಳು ತಲೆಯ ಮೇಲ್ಭಾಗದಲ್ಲಿ ಒಂದೇ ಮಟ್ಟದಲ್ಲಿ ಇರುವುದೇ ಇದಕ್ಕೆ ಕಾರಣ.

ಈ ಹೋಲಿಕೆ ಗ್ರೀಕರದ್ದು ಎಂಬುದನ್ನೂ ಹೇಳಿ. ಈಜಿಪ್ಟಿಗೆ ಕುದುರೆ ಬಂದದ್ದು ಕ್ರಿ.ಪೂ. ಎರಡನೇ ಸಹಸ್ರಮಾನದ ನಡುವಿನ ಹೊತ್ತಿಗೆ. ನೀರಾನೆ ಅಲ್ಲಿ ಮೊದಲಿನಿಂದಲೂ ಇತ್ತು, ಅದಕ್ಕೆ ಅವರದೇ ಹೆಸರುಗಳಿದ್ದವು, ಹೆರಿಗೆಯ ದೇವತೆ ತವೆರೆತ್‌ಗೆ ನೀರಾನೆಯ ರೂಪವೇ ಇತ್ತು.

ಒಟ್ಟಿಗೇ ಇನ್ನೊಂದು ಸಮಾಸವೂ ಸಿಗುತ್ತದೆ. ಕುಳ್ಳ ನೀರಾನೆಯ ಕುಲನಾಮ, ಅಂದರೆ ವೈಜ್ಞಾನಿಕ ಹೆಸರಿನ ಮೊದಲ ಪದ, ಕೀರೊಪ್ಸಿಸ್: ಗ್ರೀಕಿನ ಖೊಯ್ರೊಸ್, ಹಂದಿ, ಮತ್ತು ಒಪ್ಸಿಸ್, ನೋಟ. ಹಂದಿಯ ನೋಟವುಳ್ಳದ್ದು. ವಿಜ್ಞಾನಿಗಳಿಗೆ ಕುದುರೆ ಕಾಣಲಿಲ್ಲ.

ಜಯನಗರ_ಫಲಕ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ವಂದನೆಗಳು. ಮೊಸಳೆ ಮತ್ತು ಪ್ಲಾಟಿಪಸ್ ಕೂಡ ನಮ್ಮ ಪಟ್ಟಿಯಲ್ಲಿವೆ. ಕ್ರೊಕೊಡೈಲ್ ಎಂದರೆ "ಬೆಣಚುಕಲ್ಲಿನ ಹುಳು" ಎಂದು ಹಲವೆಡೆ ಬರೆದಿದ್ದಾರೆ, ಹಾಕಬಹುದೇ? ಲಿಪ್ಯಂತರದ ಬಗ್ಗೆಯೂ ಯಾರಾದರೂ ಹೇಳಿ.

ಪದಮೂಲ

ಮೊಸಳೆಯನ್ನು ಸಮಾಸದ ಪಟ್ಟಿಯಿಂದ ತೆಗೆದುಬಿಡಿ. ಕ್ರೊಕೇ, ಬೆಣಚುಕಲ್ಲು, ದ್ರಿಲೊಸ್, ಹುಳು ಎಂದು ಬಿಡಿಸಿ ನಡುವಿನ ಒಂದು ರಕಾರ ಬಿದ್ದುಹೋಯಿತು ಎನ್ನುವುದು ಊಹೆ, ಸಾಬೀತಾಗಿಲ್ಲ. ಖಚಿತವಾಗಿ ಹೇಳಬಹುದಾದದ್ದು ಹೆರೊಡೊಟಸ್ 2ನೇ ಪುಸ್ತಕದ 69ನೇ ಅಧ್ಯಾಯದಲ್ಲಿ ಇದೆ: ಈಜಿಪ್ಟಿನವರು ಇದನ್ನು ಖಂಪ್ಸಾ ಎನ್ನುತ್ತಾರೆ, ಅಯೋನಿಯದ ಗ್ರೀಕರು ತಮ್ಮ ಊರಿನ ಕಲ್ಲುಗೋಡೆಗಳಲ್ಲಿ ಕಾಣುವ ಕ್ರೊಕೊದೇಲೊಸ್‌ಗಳಿಗೆ ಹೋಲುತ್ತದೆ ಎಂದು ಅದೇ ಹೆಸರಿಟ್ಟರು. ಅಂದರೆ ಆ ಪದ ಮೊದಲು ಹಲ್ಲಿಜಾತಿಯ ಚಿಕ್ಕ ಪ್ರಾಣಿಯದ್ದು. ಫಲಕಕ್ಕೆ ಇಷ್ಟೇ ಹಾಕಿ, ಇದು ಬೆಣಚುಕಲ್ಲಿಗಿಂತ ಸ್ವಾರಸ್ಯಕರ.

ಪ್ಲಾಟಿಪಸ್ ಹಳೆಯ ಗ್ರೀಕರ ಪದವಲ್ಲ. ಆಸ್ಟ್ರೇಲಿಯಾದ ಆ ಪ್ರಾಣಿ ಅವರಿಗೆ ಗೊತ್ತೇ ಇರಲಿಲ್ಲ. 1799ರಲ್ಲಿ ಇಂಗ್ಲೆಂಡಿನ ಜಾರ್ಜ್ ಶಾ ಗ್ರೀಕ್ ಪದಗಳನ್ನು ಜೋಡಿಸಿ ಕಟ್ಟಿದ ಹೆಸರು ಅದು: ಪ್ಲತುಸ್ ಎಂದರೆ ಅಗಲವಾದ, ಸಂಸ್ಕೃತದ ಪೃಥುವಿನ ನೆಂಟ, ಜೊತೆಗೆ ಪೂಸ್. ಅಗಲ ಪಾದವುಳ್ಳದ್ದು, ಬಹುವ್ರೀಹಿ. ಆದರೆ ಅದೇ ಕುಲನಾಮವನ್ನು ಅದಕ್ಕೂ ಮೊದಲೇ ಒಂದು ಜೀರುಂಡೆಗೆ ಕೊಟ್ಟಾಗಿತ್ತು. ಒಂದೇ ಕುಲನಾಮ ಎರಡು ಪ್ರಾಣಿಗಳಿಗೆ ಇರುವಂತಿಲ್ಲ, ಆದ್ದರಿಂದ 1800ರಲ್ಲಿ ಬ್ಲೂಮೆನ್‌ಬಾಖ್ ಕೊಟ್ಟ ಆರ್ನಿಥೊರಿಂಕಸ್ ಎಂಬ ಕುಲನಾಮ ನಿಂತಿತು: ಹಕ್ಕಿಯ ಕೊಕ್ಕುಳ್ಳದ್ದು. ಹಕ್ಕಿ ಒರ್ನಿಸ್, ಷಷ್ಠಿ ಒರ್ನೀಥೊಸ್. ಮತ್ತೆ ಷಷ್ಠಿಯೇ ಬೇಕಾಯಿತು ನೋಡಿ. ಹಳೆಯ ಬಳಕೆಯ ಪದ, ವಿಜ್ಞಾನಿಗಳು ಕಟ್ಟಿದ ಪದ, ಇವೆರಡನ್ನು ಫಲಕದಲ್ಲಿ ಬೇರೆ ಬಣ್ಣದಲ್ಲಿ ತೋರಿಸಿ. ಕಟ್ಟಿದ ಪದದಲ್ಲಿ ಕ್ರಮ ಅಚ್ಚುಕಟ್ಟಾಗಿರುತ್ತದೆ, ಬಳಕೆಯ ಪದದಲ್ಲಿ ಹಿಪ್ಪೊಪೊತಮೊಸ್‌ನಂಥವು ಸಿಗುತ್ತವೆ.

ಶಬ್ದಮಣಿ

ಲಿಪ್ಯಂತರಕ್ಕೆ ಕನ್ನಡ ಲಿಪಿಯಷ್ಟು ಅನುಕೂಲ ಸಿಗುವುದು ಕಷ್ಟ. ಗ್ರೀಕಿನಲ್ಲಿ ಹ್ರಸ್ವ ಎ, ದೀರ್ಘ ಏ, ಹ್ರಸ್ವ ಒ, ದೀರ್ಘ ಓ ಬೇರೆಬೇರೆ ಅಕ್ಷರಗಳು: ಎಪ್ಸಿಲಾನ್, ಈಟಾ, ಓಮಿಕ್ರಾನ್, ಒಮೇಗಾ. ನಮ್ಮಲ್ಲೂ ನಾಲ್ಕೂ ಇವೆ. ಕಮೇಲೊಸ್‌ನ "ಮೇ" ದೀರ್ಘ, "ಲೊ" ಹ್ರಸ್ವ ಎಂದು ಬರೆದೇ ತೋರಿಸಬಹುದು. ಥೀಟಾಗೆ ಥ, ಖೀಗೆ ಖ, ಫೀಗೆ ಫ. ಹಳೆಯ ಗ್ರೀಕಿನಲ್ಲಿ ಇವು ನಿಜವಾಗಿಯೂ ಮಹಾಪ್ರಾಣಗಳೇ. ಆದ್ದರಿಂದ ಫ ಅಕ್ಷರವನ್ನು "ಫಲ"ದಲ್ಲಿರುವ ಹಾಗೆ ಓದಬೇಕು, ಫ್ಯಾನ್‌ನಲ್ಲಿರುವ ಹಾಗೆ ಅಲ್ಲ.

ಹೆಚ್ಚಾಗಿ ಆಗುವ ತಪ್ಪು ಟ ಮತ್ತು ತ. ಇಂಗ್ಲಿಷ್ ಪದವನ್ನು ನಾವು ಹಿಪ್ಪೊಪೊಟಮಸ್ ಎಂದು ಟಕಾರದಲ್ಲಿ ಬರೆಯುತ್ತೇವೆ, ಅದು ಸರಿ. ಗ್ರೀಕ್ ರೂಪ ಕೊಡುವಾಗ ತಕಾರ ಬೇಕು, ಗ್ರೀಕಿನಲ್ಲಿ ಮೂರ್ಧನ್ಯ ಇಲ್ಲ. ಎರಡನ್ನೂ ಒಂದೇ ಫಲಕದಲ್ಲಿ ಬರೆಯುವುದರಿಂದ "ಇಂಗ್ಲಿಷಿನಲ್ಲಿ", "ಗ್ರೀಕಿನಲ್ಲಿ" ಎಂದು ಪಕ್ಕದಲ್ಲೇ ಗುರುತು ಹಾಕಿ, ಇಲ್ಲದಿದ್ದರೆ ಕರಡು ತಿದ್ದುವವರು ಎರಡನ್ನೂ ಒಂದೇ ಮಾಡಿಬಿಡುತ್ತಾರೆ. ಡಿಟಿಪಿಗೆ ಕೊಡುವಾಗ ಸ್ತ್ರೂಥೊಸ್‌ನ ಒತ್ತಕ್ಷರಗಳು ಒಡೆದಿವೆಯೇ ಎಂದೂ ನೋಡಿ.

ಸಂಧಿಯ ಪಾಠವೂ ಇದರಲ್ಲೇ ಇದೆ. ಹಿಪ್ಪೊ + ಎಲಫೊಸ್ ಎಂದರೆ ಕುದುರೆ + ಜಿಂಕೆ. ಇದು ಹಿಪ್ಪೆಲಫೊಸ್ ಆಗುತ್ತದೆ. ಸ್ವರದ ಮುಂದೆ ಸ್ವರ ಬಂದು ಮೊದಲಿನದು ಲೋಪ. ಊರು + ಅಲ್ಲಿ ಊರಲ್ಲಿ ಆದ ಹಾಗೆ, ನೀರು + ಆನೆ ನೀರಾನೆ ಆದ ಹಾಗೆ.

ಕನ್ನಡಮೇಷ್ಟ್ರು

ಕನ್ನಡದಲ್ಲಿ ಅರ್ಥ ಬರೆಯುವಾಗ "ನದಿಕುದುರೆ" ಎಂದು ಒಂದೇ ಪದವಾಗಿ ಹಾಕಬೇಡಿ. ನದಿ ಸಂಸ್ಕೃತ, ಕುದುರೆ ಕನ್ನಡ, ಸೇರಿಸಿದರೆ ಅರಿಸಮಾಸ, ಅಂದರೆ ವ್ಯಾಕರಣ ಒಪ್ಪದ ಸಮಾಸ. ಗಮಕ, ಕ್ರಿಯಾ ಸಮಾಸಗಳಿಗೆ ಅದರಲ್ಲಿ ವಿನಾಯಿತಿ ಇದೆ, ಇದು ಅವೆರಡೂ ಅಲ್ಲ. ಪರೀಕ್ಷೆಗೆಂದು ಅರಿಸಮಾಸದ ಉದಾಹರಣೆ ಓದಿಕೊಂಡ ಮಕ್ಕಳ ಕಣ್ಣಿಗೆ ಅದು ಮೊದಲು ಬೀಳುತ್ತದೆ. ಬಿಡಿಯಾಗಿ "ನದಿಯ ಕುದುರೆ" ಎಂದರೆ ತೊಂದರೆಯಿಲ್ಲ. ಒಂದೇ ಪದ ಬೇಕೆಂದರೆ ನೀರುಕುದುರೆ ಬಳಕೆಯಲ್ಲೇ ಇದೆ. ಆದೇಶ ಸಂಧಿ ಮಾಡಿ ನೀರ್ಗುದುರೆ ಎಂದರೂ ನಿಯಮಕ್ಕೆ ಒಪ್ಪುತ್ತದೆ, ಮಳೆಗಾಲ, ಬೆಟ್ಟದಾವರೆಯ ಹಾಗೆ. ಪ್ರಾಣಿಯ ಹೆಸರಾಗಿ ಮೇಲೆ ದೊಡ್ಡ ಅಕ್ಷರದಲ್ಲಿ ನೀರಾನೆ ಇರಲಿ, ಮಕ್ಕಳಿಗೆ ಗೊತ್ತಿರುವುದು ಅದು. ನೀರುಕುದುರೆಯನ್ನು ಗ್ರೀಕ್ ಹೆಸರಿನ ಅರ್ಥದ ಜಾಗದಲ್ಲಿ ಇಡಿ.

ಜಯನಗರ_ಫಲಕ

ಎಲ್ಲವನ್ನೂ ಸೇರಿಸಿ ಮೊದಲ ಫಲಕದ ಕರಡು ಹೀಗಿದೆ, ತಪ್ಪಿದ್ದರೆ ತಿಳಿಸಿ:

"ನೀರಾನೆ. ಇಂಗ್ಲಿಷಿನಲ್ಲಿ ಹಿಪ್ಪೊಪೊಟಮಸ್. ಗ್ರೀಕಿನಲ್ಲಿ ಮೊದಲು ಎರಡು ಪದ: ಹಿಪ್ಪೊಸ್ (ಕುದುರೆ) ಪೊತಮಿಯೊಸ್ (ನದಿಯ). ಆಮೇಲೆ ಒಂದೇ ಪದ: ಹಿಪ್ಪೊಪೊತಮೊಸ್. ಅರ್ಥ: ನೀರುಕುದುರೆ. ಮುಖ್ಯ ಪದ ಮುಂದೆ ಇರುವುದನ್ನು ಗಮನಿಸಿ. ರಾಜದಂತ ಎಂಬ ಪದದಲ್ಲೂ ಹೀಗೇ ಇದೆ. ಈ ಪ್ರಾಣಿ ಕುದುರೆಗೂ ಆನೆಗೂ ಸಂಬಂಧಿಯಲ್ಲ, ತಿಮಿಂಗಿಲಕ್ಕೆ ಸಂಬಂಧಿ."

ಪದಮೂಲ

ಸರಿಯಾಗಿದೆ. ಒಂದೇ ತಿದ್ದುಪಡಿ: ಪೊತಮಿಯೊಸ್ ಎದುರಿಗೆ "ನದಿಯ" ಎಂದಷ್ಟೇ ಬರೆದರೆ ಅದನ್ನು ಷಷ್ಠೀ ವಿಭಕ್ತಿ ಎಂದು ಓದುತ್ತಾರೆ. ಅದು ವಿಶೇಷಣ, ಆದ್ದರಿಂದ "ನದಿಗೆ ಸೇರಿದ" ಎಂದು ಬದಲಿಸಿ. ಗ್ರೀಕಿನಲ್ಲಿ ನದಿಯ ಎಂಬ ಷಷ್ಠಿಯ ರೂಪ ಬೇರೆ, ಪೊತಮೂ.